ಮಾವನ ಮನೆಯ ದಪ್ಪ ಸದ್ದು

ಕಿವಿ ಕೇಳದ ಹೆಂಡತಿಗಾಗಿ ರೆಕಾರ್ಡ್ ಪ್ಲೇಯರ್ ತಂದ ಮಹಾನುಭಾವನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ, ಅವನು ನನ್ನ ಸೋದರಮಾವ! ನಗಬೇಡಿ. ನಿಮ್ಮ ಪಾಲಿನದನ್ನೂ ಸೇರಿಸಿ ನಾನು ಆಗಲೇ ನಕ್ಕು ಮುಗಿಸಿದ್ದೇನೆ.

ಮಾವ ಊರಿಗಾಂ ಚಿನ್ನದ ಗಣಿಯಲ್ಲಿ ಕಲ್ಲು ಕೊರೆಯುತ್ತಿದ್ದ. ಅತ್ತೆಗೆ ವಿಷಮಜ್ವರ ಬಂದು ಕಿವಿ ಹೋಗಿ ಆರೇಳು ವರ್ಷವಾಗಿತ್ತು. ಸ್ವದೇಶಕ್ಕೆ ಹೊರಟ ಗಣಿಯ ಬಿಳಿ ದೊರೆಯೊಬ್ಬ ಬಿಟ್ಟುಹೋದ ಪ್ಲೇಯರನ್ನೂ ಅದರ ಎರಡು ಸ್ಪೀಕರುಗಳನ್ನೂ ಮಾವ ತಲೆಯ ಮೇಲೆ ಹೊತ್ತು ತಂದ. ಮೃದಂಗದ ರೆಕಾರ್ಡು ಹಾಕಿ, ಅತ್ತೆಯ ಅಂಗೈಯನ್ನು ಸ್ಪೀಕರಿನ ಮೇಲಿಟ್ಟು, "ಬಂತಾ?" ಎಂದು ಹುಬ್ಬು ಹಾರಿಸಿದ. ಅತ್ತೆ ಇಲ್ಲವೆಂದು ತಲೆಯಾಡಿಸಿದಳು.

ಮೃದಂಗದವನ ಬಲಗೈಯ ಕಿಟತಕ ನಮಗೆಲ್ಲ ಚೆನ್ನಾಗಿಯೇ ಕೇಳುತ್ತಿತ್ತು. ಎಡಗೈಯ 'ಗುಂ' ಮಾತ್ರ ನಾಪತ್ತೆ! ಅಂಗೈಗೆ ಮುಟ್ಟುವುದು ಅದೊಂದೇ ತಾನೆ?

"ದಪ್ಪ ಸದ್ದು ಎಲ್ಲೋ ಸಿಕ್ಕಾಕ್ಕೊಂಡೈತೆ ಕಣ್ಲಾ ಅಳಿಯಾ. ಬಿಡಿಸ್ತೀನಿ ನೋಡು," ಎಂದ ಮಾವ.

ಬಂಗಾರಪೇಟೆಯಲ್ಲಿ ಮೇಷ್ಟ್ರಾಗಿದ್ದ ನಾನು ಭಾನುವಾರ ಬಂತೆಂದರೆ ರೈಲು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಒಂದು ಹೊಸ ಚಿಕಿತ್ಸೆ! ಗಣಿಯೊಳಗೆ ಬಂಡೆ ಗಟ್ಟಿಯೋ ಸಡಿಲವೋ ಎಂದು ಹಾರೆಯಿಂದ ತಟ್ಟಿ ನೋಡುತ್ತಾರಲ್ಲ, ಮಾವ ಹಾಗೆಯೇ ಮನೆಯ ಗೋಡೆಗಳನ್ನು ತಟ್ಟಿದ. ಸದ್ದು ಗುಯ್‌ಗುಡುವ ಮೂಲೆ ಸಿಕ್ಕಿದರೆ ಸ್ಪೀಕರನ್ನು ಅಲ್ಲಿ ಕೂರಿಸುವ ಆಲೋಚನೆ. ಸಿಕ್ಕಿದ್ದು ಮೂಲೆಯಲ್ಲ, ಅಂಗೈಯಗಲದ ಗಾರೆ! ಅದೂ ನೇರವಾಗಿ ಸಾರಿನ ಪಾತ್ರೆಯೊಳಗೆ. ಅವತ್ತು ನಾವು ಮುದ್ದೆಯನ್ನು ಬರೀ ಉಪ್ಪು, ಈರುಳ್ಳಿಯಲ್ಲಿ ನುಂಗಿದೆವು.

ಮುಂದಿನ ವಾರ ಸ್ಪೀಕರುಗಳು ಸಿಡಿಮದ್ದಿನ ಖಾಲಿ ಪೆಟ್ಟಿಗೆಯೊಳಗೆ ಅಕ್ಕಪಕ್ಕ ಕೂತಿದ್ದವು. ಪೆಟ್ಟಿಗೆಯ ಮೇಲೆ 'ಅಪಾಯ' ಎನ್ನುವ ಕೆಂಪಕ್ಷರ. ಅದಕ್ಕೆ ತಂತಿ ಜೋಡಿಸುತ್ತಾ ಕೂತ ಮಾವನನ್ನು ನೋಡಿದರೆ ಯಾರಿಗೆ ತಾನೆ ಎದೆ ಧಸಕ್ಕೆನ್ನುವುದಿಲ್ಲ? ಪಕ್ಕದ ಮನೆಯವರು ಮಕ್ಕಳು, ಕೋಳಿ ಸಮೇತ ಬೀದಿಗೆ ಬಿದ್ದರು! ಇಷ್ಟಾದರೂ ಅತ್ತೆಯ ಅಂಗೈಗೆ ಏನೂ ಬರಲಿಲ್ಲ. "ಸುಮ್ನಿರಿ ಸಾಕು, ನಂಗೆ ಯಾವ ಹಾಡೂ ಬ್ಯಾಡ," ಎಂದು ಅವಳು ಎಷ್ಟು ಹೇಳಿದರೂ ಮಾವ ಜಪ್ಪಯ್ಯ ಅನ್ನಲಿಲ್ಲ.

ಇನ್ನೊಂದು ಭಾನುವಾರ. ಅತ್ತೆಯ ಕೈ ಪೆಟ್ಟಿಗೆಯ ಮೇಲೆ, ಮಾವನ ಕಣ್ಣು ಅತ್ತೆಯ ಮುಖದ ಮೇಲೆ. ಇದ್ದಕ್ಕಿದ್ದಂತೆ ಗುಡುಗುಡು! ನೆಲ ನಡುಗಿತು, ಪಾತ್ರೆಗಳು ಗಲಗಲ ಎಂದವು. "ಬಂತು! ಬಂತು ಕಣೇ!" ಎಂದು ಮಾವ ಕುಣಿದೇಬಿಟ್ಟ. ಬಂದದ್ದು ಮೃದಂಗವಲ್ಲ ಮಾರಾಯರೇ, ಏರ್ ಬ್ಲಾಸ್ಟು! ನೆಲದಾಳದಲ್ಲಿ ಎಲ್ಲೋ ಬಂಡೆ ಸಿಡಿದಿತ್ತು. ಇಪ್ಪತ್ತು ವರ್ಷ ಗಣಿಯಲ್ಲಿ ದುಡಿದವನಿಗೆ ಅಷ್ಟೂ ತಿಳಿಯಬೇಡವೇ?

ಅತ್ತೆಗೆ ತಿಳಿದಿತ್ತು. ಬರಿಗಾಲಲ್ಲಿ ಗಣಿಯ ಗೇಟಿನತ್ತ ಓಡಿದಳು. ನೆಲ ನಡುಗಿದಾಗಲೆಲ್ಲ ಹಾಗೆ ಓಡಿ ಕಾಲಿಗೆ ರೂಢಿಯಾಗಿತ್ತು; ಗಂಡ ಪಕ್ಕದಲ್ಲೇ ಕುಣಿಯುತ್ತಿದ್ದರೂ ಅವನನ್ನೇ ಹುಡುಕಿಕೊಂಡು! ಹಿಂದೆ ಮಾವ, ಅವನ ಹಿಂದೆ ನಾನು. ಗೇಟಿನಲ್ಲಿ ಮೇಲೆ ಬಂದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದವಳ ಭುಜ ಹಿಡಿದು ಮಾವ ತಿರುಗಿಸಿದ.

"ಒಳೀಕ್ ಓಗಿರ್ಲಿಲ್ವಾ ನೀವು?" ಎಂದಳು.

ಮಾವ ನನ್ನತ್ತ ನೋಡಿದ. "ಇವ್ಳಿಗೆ ಗೊತ್ತಾಗೋ ಸದ್ದು ಇದೊಂದೇ ಕಣ್ಲಾ ಅಳಿಯಾ. ಇನ್ನೊಂದು ಕೊಡೋಣ ಅಂತ ಅಷ್ಟೇ," ಎಂದ. ಅದುವರೆಗೆ ನಕ್ಕದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ಮರುದಿನವೇ ನಾನು ಶಾಲೆಗೆ ರಜೆ ಹಾಕಿ, ಗಣಿಯ ಎಲೆಕ್ಟ್ರಿಷಿಯನ್ ಒಬ್ಬನನ್ನು ಹಿಡಿದು ತಂದೆ. ಅವನು ಬಗ್ಗಿ ನೋಡಿ ನಕ್ಕ. "ಅಣ್ಣೇ, ಒಂದು ಸ್ಪೀಕರಿಗೆ ತಂತಿ ಉಲ್ಟಾ ಕೊಟ್ಟಿದ್ದೀರಿ. ಒಂದು ಮುಂದೆ ತಳ್ಳಿದ್ರೆ ಇನ್ನೊಂದು ಇಂದಕ್ಕೆ ಎಳೀತದೆ. ದಪ್ಪ ಸದ್ದು ನಡುವೇನೇ ಸತ್ತೋಗ್ತದೆ."

ಎರಡು ತಂತಿ ಅದಲುಬದಲು ಮಾಡಿದ, ಅಷ್ಟೇ. ಮಾವ ರೆಕಾರ್ಡು ಹಾಕಿದ. 'ಗುಂ' ಎಂದಿತು, ಕೂತ ನೆಲವೂ ಅದುರಿತು! ಅತ್ತೆ ಬೆಚ್ಚಿ ಎದ್ದು, ಬಾಗಿಲಿನತ್ತ ಎರಡು ಹೆಜ್ಜೆ ಹಾಕಿಯೇಬಿಟ್ಟಳು.

ಮಾವ ಅವಳ ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟ. ಇನ್ನೊಂದನ್ನು ತನ್ನ ಎದೆಗೆ ಒತ್ತಿಕೊಂಡ. "ಇಲ್ಲೇ ಇವ್ನಿ ಕಣೇ," ಎಂದ.

ಅವಳಿಗೆ ಕೇಳಿಸಲಿಲ್ಲ. ಆದರೆ ರೆಕಾರ್ಡು ಮುಗಿಯುವವರೆಗೂ ಎರಡು ಕೈಗಳನ್ನೂ ಅವಳು ತೆಗೆಯಲಿಲ್ಲ.