ದಮ್ಮಿನ ಫಾರ್ಮು ಹಿಡಿದು ಹೊರಟವನು

ಕೈಯಲ್ಲಿ ಫಾರ್ಮು ಹಿಡಿದು ಯಾರ ಮನೆ ಮೆಟ್ಟಿಲು ಹತ್ತಿದರೂ ಸರಿ, ಇಳಿಯುವಷ್ಟರಲ್ಲಿ ನನ್ನ ಮರ್ಯಾದೆ ಒಂದು ತೂಕ ಕಡಿಮೆಯಾಗಿರುತ್ತಿತ್ತು. ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಜೋರು ದಮ್ಮು, ಅಂದರೆ ಉಬ್ಬಸ, ಇದ್ದವರ ಬಗ್ಗೆ ಒಂದು ಸಂಶೋಧನೆ ನಡೆಯುತ್ತಿತ್ತು. ಮನೆಮನೆಗೆ ಹೋಗಿ ಕೇಳಿ ಫಾರ್ಮು ತುಂಬುವುದು ನಮ್ಮ ಕೆಲಸ. ಬೈಂದೂರಿನಲ್ಲಿ ಒಬ್ಬರು "ಸ್ವಲ್ಪ ಕೆಮ್ಮು" ಎಂದು ಬರೆದದ್ದನ್ನು ಬ್ರಹ್ಮಾವರದವರು "ವಿಪರೀತ" ಎಂದು ಬರೆಯುತ್ತಿದ್ದರು. ಕುಂದಾಪುರದ ನಾನು "ಪರವಾಗಿಲ್ಲ" ಎಂದು ಬರೆಯುತ್ತಿದ್ದೆ. ಸಂಶೋಧನೆ ನಡೆಸುತ್ತಿದ್ದ ನಮ್ಮ ಡಾಕ್ಟರಮ್ಮ ತಲೆ ಚಚ್ಚಿಕೊಂಡು, ಇನ್ನು ಮೂರೂ ಕಡೆ ಒಂದೇ ಫಾರ್ಮು, ಒಂದೇ ಪ್ರಶ್ನೆ, ಒಂದಕ್ಷರ ಬದಲಿಸುವಂತಿಲ್ಲ ಎಂದರು.

ಮಂತ್ರ

ಹೊಸ ಫಾರ್ಮು ಹಿಡಿದು ಮೊದಲು ಹೋದದ್ದು ಶಿರೂರಿಗೆ, ಮೀನು ಮಾರುವ ಅಮ್ಮ ಒಬ್ಬರ ಮನೆಗೆ. "ಕಳೆದ ನಾಲ್ಕು ವಾರಗಳಲ್ಲಿ ತಮ್ಮ ದೈನಂದಿನ ಚಟುವಟಿಕೆಗಳಿಗೆ ಶ್ವಾಸಸಂಬಂಧಿತ ಅಡಚಣೆ ಉಂಟಾಯಿತೇ?" ಎಂದು ಓದಿದೆ. ಅವರು ಸೆರಗು ಹೊದ್ದು ಕೈ ಮುಗಿದರು. ನಿಯಮದಂತೆ ಇನ್ನೊಮ್ಮೆ ಓದಿದೆ. ಕಣ್ಣನ್ನೂ ಮುಚ್ಚಿದರು. ಮೂರನೇ ಸಲ ಮುಗಿಸಿದ ಮೇಲೆ ಒಂದು ಕಣ್ಣು ತೆರೆದು, "ಆಯ್ತಾ ಭಟ್ರೆ? ತೀರ್ಥ ತಂದಿದ್ರ್ಯಾ?" ಎಂದರು.

ನಿಯಮ ಬದಿಗಿಟ್ಟೆ. "ಅಮ್ಮಾ, ದಮ್ಮು ಬಂದ್ರೆ ಮೀನ್ ಬುಟ್ಟಿ ಹೊರೂಕ್ ಆತ್ತಾ?"

"ಹ್ವಾಯ್, ಇದನ್ನ್ ಮೊದ್ಲೇ ಕನ್ನಡದಗೆ ಕೇಂಬುಕ್ ಆತಿರ್ಲಿಲ್ಯಾ?"

ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದವನು ನಾನೇ ಎಂದು ಅವರಿಗೆ ಹೇಳಲಿಲ್ಲ.

ಮುಂಗಡ ದಮ್ಮು

ಸಾಲಿಗ್ರಾಮದ ಬೇಸಾಯಗಾರರೊಬ್ಬರಿಗೆ ದಮ್ಮಿನ ಲೆಕ್ಕ ದಿನಾ ಬರೆಯಲು ಡೈರಿ ಕೊಟ್ಟಿದ್ದೆ. ತಿಂಗಳ ಹದಿನಾರಕ್ಕೆ ಹೋಗಿ ನೋಡಿದರೆ ಮೂವತ್ತರವರೆಗೂ ತುಂಬಿದೆ!

"ಇದೆಂತ, ಇನ್ನೂ ಬಾರದ ದಿನಕ್ಕೂ ಬರೆದಿದ್ದೀರಲ್ಲ?"

"ನಿಮ್ಗೆ ಮತ್ತೆ ಬಪ್ಪು ಕಷ್ಟ ಬೇಡ ಅಂದೇಳಿ."

"ಇಪ್ಪತ್ತೆಂಟಕ್ಕೆ ಜೋರು ದಮ್ಮು ಅಂತ ಬೇರೆ ಇದೆ!"

"ಅವತ್ತ್ ನಮ್ಮಲ್ಲಿ ಭತ್ತ ತೂರುದ್ ಮಾರಾಯ್ರೆ. ಆ ಧೂಳಿಗೆ ದಮ್ಮು ಬರ್ದೆ ಇರತ್ತಾ?"

ನಾನು ಕುಳ್ಳಿರಿಸಿಕೊಂಡು ವಿಜ್ಞಾನ ಅಂದರೇನು ಎಂದು ಅರ್ಧ ಗಂಟೆ ಭಾಷಣ ಬಿಗಿದೆ. ಇಪ್ಪತ್ತೆಂಟಕ್ಕೆ ದಮ್ಮು ಬಂತು. ಅವರನ್ನು ಆಸ್ಪತ್ರೆಗೆ ಸೇರಿಸಿದರು. ಗುಣವಾಗುವವರೆಗೆ ನನಗೂ ಜೀವದಲ್ಲಿ ಜೀವ ಇರಲಿಲ್ಲ. ನೋಡಲು ಹೋದಾಗ ಮಲಗಿದಲ್ಲಿಂದಲೇ, "ಈಗ ಬರ್ಕಂಬುಕ್ ಅಡ್ಡಿಲ್ಯಾ?" ಎಂದರು. ಧೂಳಿನ ಬಗ್ಗೆ ಒಂದು ಪ್ರಶ್ನೆಯೂ ನಮ್ಮ ಫಾರ್ಮಿನಲ್ಲಿ ಇರಲಿಲ್ಲ!

ಜೀಪು

ಉಸಿರಿನ ಜೋರು ಅಳೆಯಲು ಒಂದು ಕೊಳವೆ ಇತ್ತು. ಊದಿದರೆ ಮುಳ್ಳು ಸರಿದು ಅಂಕೆ ತೋರಿಸುತ್ತದೆ; ಅಂಕೆ ಕಡಿಮೆಯಾದಷ್ಟೂ ದಮ್ಮು ಜಾಸ್ತಿ ಎಂದರ್ಥ. ಅಮಾಸೆಬೈಲಿನ ಗುಡ್ಡದ ಮೇಲಿನ ಮನೆಯ ಅಜ್ಜಿಗೆ ಅದನ್ನು ಊದುವುದು ಹೇಗೆಂದು, ಗುಡ್ಡ ಹತ್ತಿದ ಏದುಸಿರಿನಲ್ಲೇ ಊದಿ ತೋರಿಸಿದೆ. ಅಜ್ಜಿಗಾಗಿ ಕೊಳವೆಗೆ ಬಾಯಿಗಿಡುವ ಬೇರೆ ತುಂಡು ಹಾಕಿ ಕೊಟ್ಟೆ. ಅವರೂ ಊದಿದರು. ಇಬ್ಬರ ಅಂಕೆಯನ್ನೂ ಕಾಗದದ ಮೂಲೆಯಲ್ಲಿ ಗೀಚಿಕೊಂಡು, ಸಂಜೆ ಮನೆಯಲ್ಲಿ ಫಾರ್ಮಿಗೆ ಇಳಿಸಿ ಕಳಿಸಿದೆ.

ಮರುದಿನ ಅಜ್ಜಿಯ ಫಾರ್ಮು ನೋಡಿದ ಡಾಕ್ಟರಮ್ಮ ಗಾಬರಿ ಬಿದ್ದು, ಆಮ್ಲಜನಕದ ಸಿಲಿಂಡರು ಹಾಕಿಕೊಂಡು ಜೀಪಿನಲ್ಲಿ ತಾವೇ ಹೊರಟರಂತೆ. ಅಲ್ಲಿ ಅಜ್ಜಿ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತಾ ಕೂತಿದ್ದರು.

"ಅಜ್ಜಿ, ಉಸಿರಾಟ ಹೇಗಿದೆ?"

"ನಂದ್ ಅಡ್ಡಿಲ್ಲ. ನಿನ್ನೆ ನಿಮ್ಮ ಜನ ಒಬ್ರ್ ಬಂದ್ ಊದಿ ತೋರ್ಸಿದ್ರಲ್ಲೆ, ಪಾಪ, ಅವ್ರ್ ಬದ್ಕಿದ್ರಾ?"

ಡಾಕ್ಟರಮ್ಮ ಅಲ್ಲೇ ಅಜ್ಜಿಯಿಂದ ಮತ್ತೆ ಊದಿಸಿದರು. ಅಂಕೆ ಫಾರ್ಮಿನದಕ್ಕಿಂತ ಎಷ್ಟೋ ಮೇಲೆ. ಹಾಗಾದರೆ ಆ ಕಡಿಮೆ ಅಂಕೆ ಯಾರದ್ದು ಎಂದು ಅವರಿಗೆ ಹೊಳೆಯಿತು.

ನಾನು ಮನೆಯಲ್ಲಿ ಚಾ ಕುಡಿಯುತ್ತಿದ್ದೆ. ಜೀಪು ಬಂದು ಬಾಗಿಲಲ್ಲೇ ನಿಂತಿತು. ಏನೋ ತಪ್ಪು ಬರೆದಿರಬೇಕು, ಬೈಗುಳ ಖಂಡಿತ ಎಂದು ಎದ್ದು ನಿಂತೆ. ಡಾಕ್ಟರಮ್ಮ ಬೈಯಲಿಲ್ಲ. ಹಿಂದೆ ತಿರುಗಿ ಡ್ರೈವರಿಗೆ ಅಂದರು, "ರೋಗಿ ಇಲ್ಲಿದ್ದಾರೆ. ಸಿಲಿಂಡರ್ ಇಳಿಸಿ."