ಬೀದಿಗೊಂದೇ ಫೋನು

ಆ ಬೀದಿಗೆಲ್ಲ ಇದ್ದದ್ದು ಒಂದೇ ಫೋನು. ಅದನ್ನು ಸರ್ಕಾರ ವರ್ಷಗಟ್ಟಲೆ ಕದ್ದು ಕೇಳಿತು. ಫೋನಿನ ಯಜಮಾನ ಅಚ್ಚುಕೂಟದ ಕಾರ್ಮಿಕರ ಮುಂದಾಳು. ಮುಷ್ಕರದ ಹಿಂದಿನ ಸಂಜೆ, ತಾನು ಎಲ್ಲಿ ಅಡಗಿರುತ್ತೇನೆಂದು ಗೆಳೆಯನಿಗೆ ಫೋನಿನಲ್ಲಿ ಹೇಳಿದ. ಬೆಳಗಾಗುವುದರೊಳಗೆ ಪೊಲೀಸರು ಅಲ್ಲಿಗೇ ಹೋಗಿ ಹಿಡಿದರು. ಜೈಲಿನಿಂದ ಬಂದಮೇಲೆ ಅವನು ಹೆಚ್ಚು ದಿನ ಬದುಕಲಿಲ್ಲ. ಅವನು ಮಾತಾಡುವಾಗ ಹಿಂದೆ ತನ್ನ ಸರದಿಗೆ ಕಾಯುತ್ತ ನಿಂತಿದ್ದವನು ಟೈಲರ್. ಪೊಲೀಸರಿಗೆ ಸುಳಿವು ಕೊಟ್ಟವನು ಅವನೇ ಎಂದು ಬೀದಿ ತೀರ್ಮಾನಿಸಿತು. ಅಂದಿನಿಂದ ಬೀದಿಯವರು ಹರಿದ ಜೇಬು ಹೊಲಿಸುವುದಕ್ಕೂ ಆಚೆ ಬಡಾವಣೆಗೆ ಹೋಗುತ್ತಾರೆ.

ನಿಜ ಗೊತ್ತಿದ್ದವರು ಬೀದಿಯಲ್ಲಿ ಒಬ್ಬರೇ, ಲೈನ್ ಸಾಹೇಬರು. ಅವರು ‘ಲೈನ್ ಪರೀಕ್ಷಾ ಶಾಖೆ’ಯ ನೌಕರರು. ಶಾಖೆಯ ಹೆಸರು ಕೇಳಿದವರು ಅಲ್ಲಿ ತಂತಿ ಪರೀಕ್ಷೆ ಮಾಡುತ್ತಾರೆಂದು ತಿಳಿದಿದ್ದರು. ಮನೆಮನೆಗೆ ಫೋನು ಬಂದ ಕಾಲದಲ್ಲಿ, “ಸಾಹೇಬ್ರೇ, ನಮ್ ಫೋನು ಗೊರಗೊರ ಅಂತಿದೆ, ಸ್ವಲ್ಪ ನೋಡಿ” ಎಂದು ಅವರನ್ನು ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದದ್ದೂ ಉಂಟು. ಸಾಹೇಬರಿಗೆ ಸ್ಕ್ರೂಡ್ರೈವರ್ ಹಿಡಿಯಲು ಬಾರದು. ಅವರಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ: ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಬೇರೆಯವರ ಮಾತು ಕೇಳುತ್ತ, ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳುವುದು.

ಈಗ ಶಾಖೆಗೆ ಹೊಸ ಯಂತ್ರ ಬಂದಿತ್ತು. ಊರಿಗೆ ಊರನ್ನೇ ಒಟ್ಟಿಗೆ ಕೇಳುವ ಯಂತ್ರ. ಅದಕ್ಕೆ ಕಿವಿ ಬೇಡ, ಸಂಬಳ ಬೇಡ, ರಜೆ ಬೇಡ. ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಸುಡಬೇಕೆಂದು ಆಜ್ಞೆಯಾಯಿತು. ಸಾಹೇಬರ ನಿವೃತ್ತಿ ತಿಂಗಳ ಕೊನೆಗೆ. ಸುಡುವ ರಾಶಿಯಿಂದ ಆ ಮುಷ್ಕರದ ಕಾಲದ ಒಂದು ಕ್ಯಾಸೆಟ್ಟನ್ನು ಅವರು ಕಾಲುಚೀಲದೊಳಗೆ ಇಳಿಬಿಟ್ಟುಕೊಂಡು, ಮುಳ್ಳು ಹೊಕ್ಕವರ ಹಾಗೆ ಕುಂಟುತ್ತ ಮನೆಗೆ ಬಂದರು.

ಮರುದಿನ ರಜೆ ಹಾಕಿ, ಪತ್ರಿಕೆಯೊಂದರ ವರದಿಗಾರ್ತಿಗೆ ಫೋನು ಮಾಡಿದರು. ಆಕೆ, “ಸಂಜೆ ಬಸ್ಸಿಗೆ ಬರ್ತೀನಿ ಸಾರ್. ಆದ್ರೆ ನಾನು ಕಿವಿಯಾರೆ ಕೇಳದೆ ಒಂದಕ್ಷರ ಬರೆಯಲ್ಲ” ಎಂದಳು. ಕೇಳಿಸುವುದೆಂದರೆ ಟೇಪ್‌ರೆಕಾರ್ಡರ್ ಬೇಕು. ಬೀದಿಯಲ್ಲಿ ಇನ್ನೂ ಅದನ್ನು ಇಟ್ಟುಕೊಂಡಿದ್ದವನು ಟೈಲರ್ ಒಬ್ಬನೇ. ಬೀದಿಯವರು ಕಾಲಿಡದ ಅಂಗಡಿಯಲ್ಲಿ ಅವನಿಗೆ ಅದೇ ಸಂಸಾರ.

ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಸಾಹೇಬರು ಎಲ್ಲವನ್ನೂ ಹೇಳಿಬಿಟ್ಟರು. ಟೈಲರ್ ಬಾಯಿಂದ ಗುಂಡುಸೂಜಿ ಒಂದೊಂದಾಗಿ ತೆಗೆದಿಟ್ಟ.

“ಅಂದ್ರೆ ನನ್ ತಪ್ಪಿಲ್ಲ ಅಂತ ನಿಮಗೆ ಇಷ್ಟು ವರ್ಷ ಗೊತ್ತಿತ್ತು?”

“ಗೊತ್ತಿತ್ತು.”

“ದಿನಾ ಬೆಳಗ್ಗೆ ನನಗೆ ನಮಸ್ಕಾರ ಹೇಳ್ತಿದ್ರಲ್ಲ, ಅದಕ್ಕೇನಾ?”

ಸಾಹೇಬರು ಕ್ಯಾಸೆಟ್ಟನ್ನು ಅವನ ಕಡೆಗೆ ಇನ್ನಷ್ಟು ಸರಿಸಿದರು.

“ಈಗ್ಯಾಕೆ ಜ್ಞಾನೋದಯ ಆಯ್ತು? ಬಡ್ತಿ ತಪ್ಪಿಸಿದ್ರು ಅಂತ ಸಿಟ್ಟಾ?”

ಬಡ್ತಿ ತಪ್ಪಿದ್ದು ನಿಜ. ಸಿಟ್ಟೂ ನಿಜ. ತಮ್ಮ ಕೆಲಸವನ್ನು ಹೊಸ ಯಂತ್ರಕ್ಕೆ ಕೊಟ್ಟದ್ದು ಅನ್ಯಾಯ ಎಂದು ಅನ್ನಿಸಿದ್ದೂ ನಿಜ. ಆದರೆ ಕ್ಯಾಸೆಟ್ಟು ಕೈಗೆತ್ತಿಕೊಂಡ ಗಳಿಗೆಯಲ್ಲಿ ಮನಸ್ಸಿನಲ್ಲಿ ಇದ್ದದ್ದು ಇವ್ಯಾವುವೂ ಅಲ್ಲ, ಆ ದನಿಗಳು. ಆ ಬೀದಿಯ ದನಿಗಳನ್ನು ಅವರಷ್ಟು ಕೇಳಿದವರಿಲ್ಲ. ಅವನ್ನು ಸುಡಲು ಅವರಿಗೆ ಕೈ ಬರಲಿಲ್ಲ. ಇದನ್ನೆಲ್ಲ ಟೈಲರನಿಗೆ ಹೇಗೆ ಬಿಡಿಸಿ ಹೇಳುವುದು?

“ನನಗೇ ಗೊತ್ತಿಲ್ಲ ಕಣಪ್ಪಾ. ಹಾಕು. ಸರಿಯಾಗಿದೆಯಾ ನೋಡೋಣ.”

ಟೈಲರ್ ಗುಂಡಿ ಒತ್ತಿದ. ಮೊದಲು ಸರಸರ ಸದ್ದು. ಆಮೇಲೆ ಎಳೆಯ ಗಂಡು ದನಿಯೊಂದು ಪಾಠ ಒಪ್ಪಿಸುವಂತೆ, “ಲೈನ್ ಪರೀಕ್ಷಾ ಶಾಖೆ. ಕೇಳಿದವರು ಕಿರಿಯ ಪರೀಕ್ಷಕ” ಎಂದಿತು. ಪ್ರತಿ ಕ್ಯಾಸೆಟ್ಟಿನ ತಲೆಗೂ ಬುಡಕ್ಕೂ ಹೀಗೆ ಒಪ್ಪಿಸಬೇಕೆಂಬುದು ಶಾಖೆಯ ನಿಯಮ. ಸಾಹೇಬರು ತಮ್ಮ ಪ್ರಾಯದ ದನಿ ಕೇಳಿ, ಹಳೇ ಫೋಟೋದಲ್ಲಿ ತಮ್ಮ ತಲೆಗೂದಲು ಕಂಡವರಂತೆ ತಲೆ ಸವರಿಕೊಂಡರು.

ಅದರ ಹಿಂದೆಯೇ ಹೆಂಗಸಿನ ದನಿ ಕಿರುಚಿತು: “ಹಲೋ! ಹಲೋ! ನಾನು ಮೇಷ್ಟ್ರ ತಾಯಿ! ಹುಡುಗಿ ಒಪ್ಪಿಗೆಯಾಗಿದಾಳೆ ಅಂತ ಹೇಳಿ! ಕೇಳಿಸ್ತಾ? ಒಪ್ಪಿಗೆ! ಇವನಿಗೆ ಮೂಗು ಸ್ವಲ್ಪ ದಪ್ಪ, ಅದನ್ನ ನಾವು ಮೊದಲೇ ಹೇಳಿದೀವಿ!”

ದೂರದೂರಿನ ಫೋನೆಂದರೆ ಆಗ ತಂತಿಯ ಕೆಲಸವನ್ನೂ ಗಂಟಲೇ ಮಾಡಬೇಕಾಗಿತ್ತು. ಆ ಕೂಗು ಅಂಗಡಿ ದಾಟಿ ಬೀದಿಗೆ ಬಿತ್ತು. ಎದುರು ಮನೆಯ ನಿವೃತ್ತ ಮೇಷ್ಟ್ರು ಪತ್ರಿಕೆ ಹಿಡಿದು ಜಗಲಿಯಲ್ಲಿ ಕೂತಿದ್ದವರು ಹಾಗೇ ಎದ್ದು ನಿಂತರು. ಎಷ್ಟೋ ವರ್ಷದಿಂದ ತುಳಿಯದ ಅಂಗಡಿಯ ಮೆಟ್ಟಿಲನ್ನು ಬರಿಗಾಲಲ್ಲಿ ಹತ್ತಿ ಬಂದರು.

“ನಮ್ಮಮ್ಮ!” ಎಂದರು. “ಎಲ್ಲಿದಾಳೆ?”

“ಟೇಪಲ್ಲಿ,” ಎಂದ ಟೈಲರ್.

ಹಿಂದೆಯೇ ಮೇಲ್ಮನೆ ಅತ್ತಿಗೆ ಇಳಿದು ಬಂದಳು. ಬೀದಿಗೆಲ್ಲ ಆಕೆ ಅತ್ತಿಗೆ, ಬೀದಿಯ ಸುದ್ದಿಗೆಲ್ಲ ಆಕೆಯೇ ಕಚೇರಿ. ಅವಳ ಬೆನ್ನಿಗೆ ಇನ್ನೂ ನಾಲ್ಕೈದು ಜನ. ಅಂಗಡಿ ಮದುವೆಮನೆಯಾಯಿತು. ಟೇಪಿನಲ್ಲಿ ಒಬ್ಬ ಮಗ ಪರೀಕ್ಷೆಯಲ್ಲಿ ಪಾಸಾದ, ಒಬ್ಬಳು ತವರಿನ ಮೇಲೆ ಮುನಿಸಿಕೊಂಡಳು, ಒಂದು ಮಗು ರಿಸೀವರಿಗೆ ಮುತ್ತು ಕೊಟ್ಟಿತು. ಹೊರಗೆ ಆ ಮಗುವೇ ಕನ್ನಡಕ ಹಾಕಿಕೊಂಡು, ಬೊಕ್ಕತಲೆ ತುರಿಸಿಕೊಳ್ಳುತ್ತ ನಿಂತಿತ್ತು.

“ನಿಮ್ಮ ಫೋನನ್ನ ಸರ್ಕಾರ ಕದ್ದು ಕೇಳಿದೆ!” ಸಾಹೇಬರು ಎದ್ದು ನಿಂತು ಹೇಳಿದರು. “ನಾನೇ ಕೇಳಿದೀನಿ! ನಿಮಗೆ ಅರ್ಥ ಆಗ್ತಿದೆಯಾ?”

“ಶ್! ಕೂತ್ಕೊಳ್ರೀ!” ಅತ್ತಿಗೆ ಗದರಿದಳು. “ನಮ್ಮ ಯಜಮಾನ್ರು ಮಾತಾಡ್ತಿದಾರೆ.”

“ಇದು ಅನ್ಯಾಯ ಅಲ್ವಾ?”

“ಅನ್ಯಾಯವೇ. ನಮ್ಮ ಭಾವಂದು ಯಾಕೆ ಹಿಡಿದಿಲ್ಲ? ಅವರೇನು ಪಾಪ ಮಾಡಿದ್ರು?”

ಆ ಫೋನಿನ ಮನೆಯೊಡತಿಯನ್ನು ಬೀದಿ ಇವತ್ತಿಗೂ ಫೋನಮ್ಮ ಎಂದೇ ಕರೆಯುತ್ತದೆ. ಎಲ್ಲರೂ ಒಳಗೆ ಬಂದಾದ ಮೇಲೆ ಆಕೆ ಬಂದಳು, ಗೋಡೆಗೆ ಒರಗಿ ನಿಂತಳು. ಟೇಪಿನ ಕೊನೆಯಲ್ಲಿ ಅವಳ ಗಂಡನ ದನಿ ಬಂತು, ಆತುರವಿಲ್ಲದ, ನಗು ಬೆರೆತ ದನಿ. “ಅಚ್ಚುಕೂಟದ ಹಿಂದಿನ ಕಾಗದದ ಗೋದಾಮಿನಲ್ಲಿ ಇರ್ತೀನಿ. ಬರೋನು ಒಂದು ಶಾಲು ತಗೊಂಡು ಬಾ ಮಾರಾಯ, ಚಳಿ.” ಆಮೇಲೆ ಆ ಎಳೆಯ ದನಿ: “ಮೇಲಿನ ಮಾತಿನ ಪ್ರತಿ ಪೊಲೀಸಿಗೆ ಕಳಿಸಿದೆ. ಕೇಳಿದವರು ಕಿರಿಯ ಪರೀಕ್ಷಕ.”

ಟೈಲರ್ ಬೀದಿಯವರ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರಾದರೂ ಏನಾದರೂ ಹೇಳುತ್ತಾರೆ ಎಂದು ಕಾದ. ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು.

“ಎಂಥಾ ಕಾಲ!” ಎಂದರು. “ಟೈಲರ್ರೇ, ನಮ್ಮಮ್ಮನದು ಇನ್ನೊಂದ್ಸಲ ಹಾಕ್ರೀ.”

ಫೋನಮ್ಮ ಮಾತ್ರ ಲೈನ್ ಸಾಹೇಬರನ್ನೇ ನೋಡುತ್ತಿದ್ದಳು. ಆ ನೋಟದಿಂದ ತಪ್ಪಿಸಿಕೊಳ್ಳಲು ಅವರಿಗೆ ಬಸ್ ನಿಲ್ದಾಣ ನೆನಪಾಯಿತು. “ವರದಿಗಾರ್ತಿ ಬರ್ತಿದಾರೆ, ಕರ್ಕೊಂಡ್ ಬರ್ತೀನಿ. ಯಾರೂ ಅದನ್ನ ಮುಟ್ಟಬೇಡಿ,” ಎಂದು ಹೇಳಿ ಹೊರಟರು. ಮಕ್ಕಳ ಮುಂದೆ ಮಿಠಾಯಿ ಡಬ್ಬ ತೆರೆದಿಟ್ಟು ಮುಟ್ಟಬೇಡಿ ಎಂದ ಹಾಗಾಯಿತು.

ಬಸ್ಸು ತಡವಾಯಿತು. ಸಾಹೇಬರು ಬೆಂಚಿನ ಮೇಲೆ ಕೂತು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು. ಪಿಂಚಣಿ ಹೋಗಬಹುದು. ಜೈಲೂ ಆಗಬಹುದು. ಆದರೆ ನಾಳೆಯ ಪತ್ರಿಕೆಯಲ್ಲಿ ನಿಜ ಬರುತ್ತದೆ, ಟೈಲರನ ಮೇಲಿನ ಕಳಂಕ ಹೋಗುತ್ತದೆ. ಅಷ್ಟಾದರೆ ಸಾಕು ಎಂದುಕೊಂಡಾಗ, ಬಹುಕಾಲದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ವರದಿಗಾರ್ತಿಯನ್ನು ಕರೆದುಕೊಂಡು ಬಂದಾಗ ಅಂಗಡಿಯಲ್ಲಿ ಟೀ ಲೋಟಗಳು ಓಡಾಡುತ್ತಿದ್ದವು. ಟೇಪಿನ ಚಕ್ರ ಸದ್ದಿಲ್ಲದೆ ತಿರುಗಿ ತಿರುಗಿ, ಆಗಷ್ಟೇ ಟಕ್ಕೆಂದು ನಿಂತಿತು.

“ಮಿಷನ್ನಿಗೆ ಸುಸ್ತಾಗಿದೆ,” ಮೇಷ್ಟ್ರು ವರದಿ ಒಪ್ಪಿಸಿದರು. “ಸೌಂಡ್ ಕಮ್ಮಿ ಬರ್ತಿತ್ತು. ಮೊದಲಿಗೆ ಸುತ್ತಿ, ಜೋರು ಮಾಡೋಣ ಅಂತ ನಾನೇ ಎರಡು ಗುಂಡಿ ಒಟ್ಟಿಗೆ ಒತ್ತಿದೆ. ಅಲ್ಲಿಂದ ಮೂಗ ಆಗಿ ಕೂತಿದೆ.”

“ಯಾವ್ ಗುಂಡಿ?” ಸಾಹೇಬರು ಜನರನ್ನು ಸರಿಸಿಕೊಂಡು ಮುಂದೆ ಬಂದರು.

“ಒಂದು ಮಾಮೂಲಿ. ಇನ್ನೊಂದು ಕೆಂಪು.”

ಸಾಹೇಬರು ಟೇಪನ್ನು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದರು. ಮೇಷ್ಟ್ರ ತಾಯಿ ಬರಲಿಲ್ಲ. ಮೇಷ್ಟ್ರೇ ಬಂದರು, ಸ್ಫಟಿಕದಷ್ಟು ಸ್ಪಷ್ಟವಾಗಿ: “ಅತ್ತಿಗೆ ಟೀ ತರೋಕೆ ಹೋದ್ಲಾ? ಅವಳ ಟೀಗಿಂತ ಲೋಟ ತೊಳೆದ ನೀರು ವಾಸಿ. ಇರಿ, ನಾನು ಸಾಹೇಬರ ಆಫೀಸಿಗೆ ಒಂದು ಫೋನ್ ಮಾಡಿ ಬರ್ತೀನಿ. ನಮ್ಮಮ್ಮನದು ಇನ್ನೂ ಎಷ್ಟು ಕ್ಯಾಸೆಟ್ ಇದೆಯೋ, ಮರ್ಯಾದೆಯಿಂದ ಕೇಳಿದ್ರೆ ಕೊಡ್ತಾರೆ.”

ಚಪ್ಪಲಿಯ ಸದ್ದು. ಬಳಿಕ ಅತ್ತಿಗೆಯ ದನಿ: “ಹೋದ್ರಾ ಮೇಷ್ಟ್ರು? ಏನ್ ಕಣ್ಣೀರು, ಏನ್ ಕಣ್ಣೀರು! ಆ ಮುದುಕಿ ಬದುಕಿದ್ದಾಗ ಒಂದು ಲೋಟ ನೀರು ಕೊಟ್ಟೋರಲ್ಲ. ನಮ್ಮನೆ ಬಾಗಿಲಿಗೆ ಬಂದು ಕೇಳಿ ಕುಡೀತಿದ್ಲು.”

ಟೇಪು ಹಾಗೇ ಹೋಯಿತು. ಎದ್ದು ಹೋದವರ ಬಗ್ಗೆ ಕೂತವರು, ಕೂತವರ ಬಗ್ಗೆ ಬಂದವರು. ಯಾರೂ ಯಾರನ್ನೂ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಒಬ್ಬರ ಮುಖ ಕೆಂಪಾದರೆ ಇನ್ನೊಬ್ಬರದು ಬಿಳಿಚಿತು. ಕ್ಯಾಸೆಟ್ಟಿನ ಬದಿ ಮುಗಿಯುವ ತನಕ ಹಳೆಯ ದನಿ ಒಂದೂ ಉಳಿದಿರಲಿಲ್ಲ, ಕೆಂಪು ಗುಂಡಿ ಎಲ್ಲವನ್ನೂ ಅಳಿಸಿ ಅಂಗಡಿಯ ಮಾತು ಹಿಡಿದಿತ್ತು.

ಮೊದಲು ಚೇತರಿಸಿಕೊಂಡವಳು ಅತ್ತಿಗೆ. “ನಮ್ಮ ಮಾತನ್ನ ಕದ್ದು ಹಿಡಿದಿದಾನೆ!” ಎಂದು ಸಾಹೇಬರತ್ತ ಕೈ ತೋರಿಸಿದಳು.

“ನಾನೆಲ್ಲಿ ಹಿಡಿದೆ? ಗುಂಡಿ ಒತ್ತಿದ್ದು ಮೇಷ್ಟ್ರು!”

“ಕ್ಯಾಸೆಟ್ ತಂದಿದ್ದು ಯಾರು?” ಮೇಷ್ಟ್ರು ಎಗರಿದರು. “ಬೇಕಂತಲೇ ಇಲ್ಲಿಟ್ಟು ಹೊರಗೆ ಹೋಗಿದಾರೆ! ಸಭ್ಯರು ಮಾತಾಡೋ ಜಾಗದಲ್ಲಿ! ಥೂ, ಮರ್ಯಾದೆ ಇದೆಯೇನ್ರೀ ನಿಮಗೆ?”

ವರದಿಗಾರ್ತಿ ಎಲ್ಲರನ್ನೂ ಕೇಳಿದಳು: “ಮುಂಚೆ ಇದರಲ್ಲಿ ಸರ್ಕಾರದ ಟೇಪು ಇತ್ತಂತಲ್ಲ, ನೀವು ಕೇಳಿದ್ರಾ?”

“ಏನೂ ಕೇಳಿಲ್ಲ!” ಎಂದಿತು ಬೀದಿ, ಒಂದೇ ಕೊರಳಿನಲ್ಲಿ. ಫೋನಮ್ಮ ತುಟಿ ತೆರೆಯುವಷ್ಟರಲ್ಲಿ ವರದಿಗಾರ್ತಿ, “ಸಾರ್, ಇದನ್ನಿಟ್ಟುಕೊಂಡು ನಾನು ಏನ್ ಬರೀಲಿ?” ಎಂದು ಚೀಲ ಹೆಗಲಿಗೇರಿಸಿ, ವಾಪಸು ಬಸ್ಸಿಗೆ ಓಡಿದಳು.

ಅವಳು ತಿರುವಿನಲ್ಲಿ ಮರೆಯಾದಳು, ಅದೇ ತಿರುವಿನಲ್ಲಿ ಇಲಾಖೆಯ ಜೀಪು ಕಾಣಿಸಿತು. ಮೇಷ್ಟ್ರು ಮರ್ಯಾದೆಯಿಂದ ಮಾಡಿದ ಫೋನು ಫಲಿಸಿತ್ತು. ಶಾಖಾಧಿಕಾರಿ ಬೆವರು ಒರೆಸಿಕೊಳ್ಳುತ್ತ ಇಳಿದು, ಯಾರನ್ನೂ ಮಾತಾಡಿಸದೆ ಟೇಪಿನ ಮುಂದೆ ಕೂತರು. ಲೋಟ ತೊಳೆದ ನೀರಿನ ತನಕ ಕೇಳುವಷ್ಟರಲ್ಲಿ ಅವರ ಬೆವರು ಆರಿತು. ಮುಗಿಯುವ ಹೊತ್ತಿಗೆ ಒಂದು ಟೀ ಕೊಡಿ ಎಂದರು.

“ಇದರಲ್ಲಿ ಇಲಾಖೆಯದು ಒಂದು ಉಸಿರೂ ಇಲ್ಲವಲ್ಲ,” ಎಂದರು. “ನಮ್ಮ ನೌಕರ ನೆರೆಹೊರೆಯವರ ಮಾತು ಕದ್ದು ಹಿಡಿದಿದಾನೆ, ಅಷ್ಟೇ. ಛೇ, ಜನರ ಖಾಸಗಿ ಮಾತು! ಇಲಾಖೆ ಇಂಥದನ್ನ ಸಹಿಸಲ್ಲ. ನೀವು ದೂರು ಕೊಟ್ಟರೆ ಇವತ್ತೇ ಮನೆಗೆ ಕಳಿಸ್ತೀನಿ. ಪಿಂಚಣಿನೂ ಇಲ್ಲ.”

ದೂರನ್ನು ಅಧಿಕಾರಿಯೇ ಬರೆದರು. ಅಕ್ಷರ ಮುತ್ತಿನ ಹಾಗಿತ್ತು. ಮೇಷ್ಟ್ರು ವ್ಯಾಕರಣ ತಿದ್ದಿ ಸಹಿ ಹಾಕಿದರು. ಅತ್ತಿಗೆ ತನ್ನದನ್ನು ಹಾಕಿ, ಊರಿಗೆ ಹೋಗಿದ್ದ ಭಾವನದನ್ನೂ ಹಾಕಿದಳು. ಪೆನ್ನು ಟೈಲರನ ಕೈಗೆ ಬಂತು.

ಸಾಹೇಬರು ಅವನ ಕಡೆ ನೋಡಿದರು. “ನೀನು ಕೇಳಿದೀಯಲ್ಲಪ್ಪಾ. ನಿನ್ನ ಸಲುವಾಗಿ ತಾನೆ ನಾನು…”

ಟೈಲರನ ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಅವನು ನೋಡುತ್ತಿದ್ದದ್ದು ಸಾಹೇಬರನ್ನಲ್ಲ, ಕಾಗದವನ್ನು. ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿದ್ದರು. “ಹಾಕಪ್ಪ, ನೀನೂ ನಮ್ಮೋನೇ ಅಲ್ವಾ?” ಎಂದು ಅತ್ತಿಗೆ ನಗುತ್ತ ಕರೆದಳು. ಅವನನ್ನು ಹಾಗೆ ಕರೆದು ಯಾವ ಕಾಲವಾಗಿತ್ತೋ.

“ತಪ್ಪು ತಿಳ್ಕೋಬೇಡಿ ಸಾಹೇಬ್ರೇ,” ಎಂದ ಟೈಲರ್. “ಬೀದಿಯೋರೆಲ್ಲ ಇರೋ ಕಡೆ ನನ್ ಹೆಸರೂ ಬರ್ತಿದೆ. ಮತ್ತೆ ಯಾವಾಗ ಬರುತ್ತೋ.” ಅಷ್ಟು ಹೇಳಿ, ದೊಡ್ಡದಾಗಿ, ನಿಧಾನವಾಗಿ, ಕೆಳಗೆ ಗೆರೆ ಎಳೆದು ಸಹಿ ಹಾಕಿದ. ಬೀದಿಗೆ ಹೊಸ ಚಾಡಿಕೋರ ಸಿಕ್ಕಿದ್ದ. ಹಳಬನಿಗೆ ಬಿಡುಗಡೆಯಾಗಿತ್ತು.

ಉಳಿದವಳು ಫೋನಮ್ಮ. ಅಧಿಕಾರಿ ತಾವೇ ಎದ್ದು ಹೋಗಿ ಅವಳ ಮುಂದೆ ಕಾಗದ ಹಿಡಿದರು. “ಇಲ್ಲೊಂದು ಸಹಿ ಹಾಕಿಬಿಡಿ ತಾಯಿ.”

“ಹಾಕಲ್ಲ.”

“ಎಲ್ಲರೂ ಹಾಕಿದಾರಲ್ಲ. ಬರೆಯೋಕೆ ಬರದಿದ್ರೆ ಹೆಬ್ಬೆಟ್ಟು ಒತ್ತಿ.”

“ಅಚ್ಚುಕೂಟದವನ ಹೆಂಡ್ತಿ ನಾನು, ಓದು ಬರಹ ಚೆನ್ನಾಗಿ ಬರುತ್ತೆ.” ಅವಳು ಕಾಗದವನ್ನು ಮೇಲಿಂದ ಕೆಳಗೆ ಓದಿದಳು. ಆಮೇಲೆ ಲೈನ್ ಸಾಹೇಬರ ಕಡೆ ತಿರುಗಿದಳು. “ಇವನಿದಾನಲ್ಲ, ಇವನನ್ನ ನಾನು ಸಾಯೋತನಕ ಕ್ಷಮಿಸಲ್ಲ. ಇವನಿಗೂ ಗೊತ್ತಿರಲಿ ಅಂತ ಎಲ್ಲರ ಮುಂದೆ ಹೇಳ್ತಿದೀನಿ.”

“ಅದಕ್ಕೇ ಹೇಳ್ತಿರೋದು ಅಮ್ಮ, ಹಾಕಿ,” ಅಧಿಕಾರಿ ಮುಚ್ಚಳ ತೆಗೆದು ಪೆನ್ನು ಚಾಚಿದರು.

ಅವಳು ಮುಚ್ಚಳವನ್ನು ಅವರ ಕೈಯಿಂದ ತೆಗೆದುಕೊಂಡು ಪೆನ್ನಿಗೆ ಸಿಕ್ಕಿಸಿದಳು.

“ನನ್ನ ಗಂಡ ಶಾಲು ತರೋಕೆ ಹೇಳಿದ್ದನ್ನ ನಾನು ಇವತ್ತು ಕೇಳಿದೆ. ಅದನ್ನ ಪೊಲೀಸಿಗೆ ಕಳಿಸಿದ್ದು ನಿಮ್ಮ ಆಫೀಸು. ನಿಮ್ಮ ಕಾಗದಕ್ಕೆ ನನ್ನ ಸಹಿ ಬೀಳಲ್ಲ, ನಡೀರಿ.”