ನಾಲ್ಕು ಗಂಟೆಯವರೆಗೆ ಆರ್ಲೋ ಸಿಗಬಾರದು

ಅವಾಂತರಕ್ಕೆಲ್ಲ ಮೂಲ ಒಂದು ಜೊತೆ ಹಳದಿ ಪರದೆ.

ಆಗಸ್ಟ್ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಆರ್ಲೋ ಪ್ರೊಹಾಸ್ಕಾ ಕಾಫಿ ಹಿಡಿದು ಅಡುಗೆಮನೆಗೆ ಬಂದಾಗ, ಅವನ ಹೆಂಡತಿ ನಡೀನ್ ಏಣಿ ಹತ್ತಿ ನಿಂತು ಆ ಪರದೆಗಳನ್ನು ಕಿಟಕಿಗೆ ಹೊಂದಿಸುತ್ತಿದ್ದಳು. ಏಳು ವರ್ಷದಲ್ಲಿ ಐದನೆಯ ಊರು. ಒಂದೊಂದು ಊರಿನ ಕಿಟಕಿಗೂ ಒಂದೊಂದು ಅಳತೆ. ಒಂದು ಕಡೆ ಕತ್ತರಿಸಿ, ಇನ್ನೊಂದು ಕಡೆ ತುಂಡು ಸೇರಿಸಿ ಆ ಪರದೆಗಳಲ್ಲಿ ಈಗ ಬಟ್ಟೆಗಿಂತ ಹೊಲಿಗೆಯೇ ಹೆಚ್ಚಾಗಿತ್ತು.

“ಇವತ್ತೇ ಅಲ್ವಾ, ತಂಡದಿಂದ ತೆಗೆದುಹಾಕೋ ದಿನ?” ಎಂದಳು ನಡೀನ್, ತಿರುಗಿಯೂ ನೋಡದೆ.

“ಹೂಂ. ಸಂಜೆ ನಾಲ್ಕರೊಳಗೆ ಗೊತ್ತಾಗುತ್ತೆ.”

“ನೋಡು ಆರ್ಲೋ, ಈ ಪರದೆ ಮತ್ತೆ ಕೆಳಗಿಳಿಸೋ ಹಾಗಾದ್ರೆ ಅದರ ಜೊತೆ ನಾನೂ ಇಳೀತೀನಿ. ಇಳಿದು ನೇರ ಅಮ್ಮನ ಮನೆಗೆ ಹೋಗ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ.”

ಆರ್ಲೋ ವೃತ್ತಿಯಲ್ಲಿ ಕ್ವಾರ್ಟರ್‌ಬ್ಯಾಕ್. ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕದ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುವವನು, ಉಳಿದ ಹತ್ತು ಮಂದಿಗೆ ಅಪ್ಪಣೆ ಕೊಡುವವನು, ಪೇಪರಿನಲ್ಲಿ ಫೋಟೋ ಬರುವವನು. ಆದರೆ ಆ ಭಾಗ್ಯವೆಲ್ಲ ಮೊದಲನೆಯವನದು. ಆರ್ಲೋ ಮೂರನೆಯವನು. ಮೊದಲನೆಯವನು ಬಿದ್ದು, ಎರಡನೆಯವನೂ ಬಿದ್ದರೆ ಮಾತ್ರ ಇವನಿಗೆ ಅವಕಾಶ. ಅವರಿಬ್ಬರೂ ಗುಂಡುಕಲ್ಲಿನ ಹಾಗಿದ್ದರು. ಹಾಗಾಗಿ ಆರ್ಲೋ ಆಟದ ತಂತ್ರ ಬರೆದ ರಟ್ಟು ಹಿಡಿದುಕೊಂಡು ಗೆರೆಯ ಆಚೆ ನಿಂತು ತಲೆಯಾಡಿಸುತ್ತಿದ್ದ. ಕಾಲೇಜಿನ ನಾಲ್ಕು ವರ್ಷವೂ ಇದೇ ಕೆಲಸ. ಕೊನೆಯ ಪಂದ್ಯದ ಕೊನೆಯ ಎರಡು ನಿಮಿಷ, ಗೆಲುವು ಖಾತ್ರಿಯಾದ ಮೇಲೆ, ಕಾಲೇಜಿನ ಕೋಚ್ ಸ್ಟಬ್ಸ್ ಅವನನ್ನು ಒಳಗೆ ಕಳಿಸಿದ್ದರು. ಚೆಂಡು ಹಿಡಿದು ಮೂರು ಸಲ ಮಂಡಿಯೂರಿ ಹೊತ್ತು ಕಳೆದು ಬಂದಿದ್ದ. “ನಿನಗೆ ಅನ್ಯಾಯ ಮಾಡಿದೆ ಕಣೋ, ಎಂದಾದ್ರೂ ತೀರಿಸ್ತೀನಿ” ಎಂದು ಸ್ಟಬ್ಸ್ ಬೆನ್ನು ತಟ್ಟಿದ್ದರು. ಆ ಮಾತನ್ನು ಆರ್ಲೋ ಎಂದೋ ಮರೆತಿದ್ದ. ಏಳು ವರ್ಷದ ವೃತ್ತಿಯಲ್ಲಿ ಅವನು ಮೈದಾನದಲ್ಲಿ ಕಳೆದದ್ದು ಒಟ್ಟು ಹದಿನೇಳು ನಿಮಿಷ.

ಈಗಿರುವುದು ಓಹಾಯೋದ ಮ್ಯೂಲ್ಸ್ ತಂಡ. ಆಟಗಾರರನ್ನು ತೆಗೆದುಹಾಕುವ ದಿನಕ್ಕೆ ಅಲ್ಲಿ ಒಂದು ಪದ್ಧತಿಯಿತ್ತು. ಪಿಕ್‌ಫೋರ್ಡ್ ಎಂಬ ಸಣಕಲು ಮುದುಕ ಬಂದು ಹೆಗಲು ಮುಟ್ಟಿ, “ಕೋಚ್ ಕರೀತಿದಾರೆ, ಪುಸ್ತಕ ತಗೊಂಡು ಬಾ” ಎನ್ನುತ್ತಿದ್ದ. ಪುಸ್ತಕವೆಂದರೆ ತಂಡದ ತಂತ್ರಗಳನ್ನೆಲ್ಲ ಬರೆದಿಟ್ಟ ದಪ್ಪ ನೀಲಿ ಫೈಲು. ಅದನ್ನು ಒಪ್ಪಿಸಿದವನು ಸಂಜೆಗೆ ಊರು ಬಿಟ್ಟಂತೆಯೇ. ಆಟಗಾರರು ಪಿಕ್‌ಫೋರ್ಡನಿಗೆ ಇಟ್ಟ ಹೆಸರು ಕೊಡಲಿ.

ಆರ್ಲೋ ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟನೋ ಇಲ್ಲವೋ, ನೂರ ನಲವತ್ತು ಕಿಲೋ ತೂಕದ ಸಹ ಆಟಗಾರ ಗಲಾಟ್ಸ್ಕಿ ಅವನನ್ನು ಮೂಲೆಗೆ ಎಳೆದ. ಗಲಾಟ್ಸ್ಕಿಗೆ ಊರಿನವರ ಉಸಾಬರಿಯೆಲ್ಲ ಬೇಕು. ಅವನ ಸಲಹೆ ಕೇಳಿ ಉದ್ಧಾರವಾದವರು ಈವರೆಗೆ ಸಿಕ್ಕಿಲ್ಲ.

“ಲೋ, ಕೊಡಲಿ ನಿನ್ನೇ ಹುಡುಕ್ತಿದಾನೆ, ಪುಸ್ತಕ ತಗೊಂಡು ಬರ್ಬೇಕಂತೆ! ಅದೂ ನಗ್ತಾ ನಗ್ತಾ! ಹನ್ನೆರಡು ವರ್ಷದಲ್ಲಿ ಆ ಮುದುಕ ನಕ್ಕಿದ್ದು ನಾನು ನೋಡಿಲ್ಲ. ಎಂಥಾ ಕಲ್ಲು ಮನಸ್ಸು ನೋಡು!”

ಆರ್ಲೋ ಕೈಲಿದ್ದ ನೀಲಿ ಪುಸ್ತಕವನ್ನು ಎದೆಗವಚಿಕೊಂಡ. “ಮುಗೀತು ಹಾಗಾದ್ರೆ.”

“ಏನು ಮುಗೀತು? ಕೊಡಲಿ ನಿನ್ನ ಮುಖ ನೋಡಿ ಹೇಳ್ಬೇಕು, ನೀನು ಪುಸ್ತಕ ಕೈಗೆ ಕೊಡ್ಬೇಕು. ಆಗ್ಲೇ ಲೆಕ್ಕ. ನಾಲ್ಕು ಗಂಟೆವರೆಗೆ ನೀನೂ ಸಿಗಬೇಡ, ಪುಸ್ತಕನೂ ಸಿಗಬಾರ್ದು. ಹಿಂದೆ ಒಬ್ಬ ಪಾಯಿಖಾನೇಲಿ ಕೂತೇ ಒಂದು ವರ್ಷದ ಕೆಲಸ ಉಳಿಸ್ಕೊಂಡ.”

ಇದು ಪೂರ್ತಿ ಬುರುಡೆ. ಆದರೆ ಕಣ್ಣೆದುರಿಗೆ ಹಳದಿ ಪರದೆ ಇರುವವನಿಗೆ ಬುರುಡೆಯೂ ಕಾನೂನಿನಂತೆ ಕೇಳಿಸುತ್ತದೆ. ಆರ್ಲೋ ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು ಪಾಯಿಖಾನೆಗೆ ಓಡಿದ. ಐದು ಬಾಗಿಲೂ ಮುಚ್ಚಿದ್ದವು. ಬಗ್ಗಿ ನೋಡಿದರೆ ಯಾರ ಕಾಲೂ ಕಾಣಲಿಲ್ಲ. ಒಂದು ಬಾಗಿಲು ತಟ್ಟಿದ.

“ಇಲ್ಲಿ ಯಾರೂ ಇಲ್ಲ, ಹೋಗಯ್ಯಾ!” ಎಂದಿತು ಒಳಗಿನ ದನಿ.

“ಇಲ್ಲೂ ಇಲ್ಲ!” ಎಂದಿತು ಪಕ್ಕದ್ದು.

ಅಷ್ಟರಲ್ಲಿ ಹೊರಗೆ ಪಿಕ್‌ಫೋರ್ಡನ ಬೂಟಿನ ಸದ್ದು. ಬೇರೆ ದಾರಿ ಕಾಣದೆ ಆರ್ಲೋ ಒದ್ದೆ ಟವೆಲು ತುಂಬಿದ ಗಾಡಿಯೊಳಗೆ ಧುಮುಕಿದ. ಮೇಲೆ ಇನ್ನಷ್ಟು ಟವೆಲು ಬಿದ್ದವು. ಯಾರೋ ತಳ್ಳಿದರು, ಗಾಡಿ ಹೊರಟಿತು. ಮತ್ತೆ ಬೆಳಕು ಕಂಡಾಗ ಎದುರಿಗೆ ಬಟ್ಟೆ ಒಗೆಯುವ ಮಿಸೆಸ್ ದೊನಾತೊ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಅಯ್ಯೋ ನನ್ನಪ್ಪಾ! ನೀನು ಆ ಆರ್ಲೋ ಅಲ್ವಾ? ಅಂಗಿ ಕೊಳೆ ಮಾಡ್ಕೊಳ್ಳದ ಹುಡುಗ! ಈ ತಂಡದಲ್ಲಿ ನನ್ನ ಕಷ್ಟ ತಿಳಿದೋನು ನೀನೊಬ್ನೇ ಮಗನೇ.”

ಆರ್ಲೋ ಇದ್ದದ್ದನ್ನು ಇದ್ದಹಾಗೆ ಹೇಳಿಕೊಂಡ. ಪರದೆಯ ಮಾತು ಬಂದಾಗ ಅವಳ ಕಣ್ಣು ಒದ್ದೆಯಾಯಿತು. “ಬಟ್ಟೆ ಬಿಚ್ಚು, ಒಗೆದು ಕೊಡ್ತೀನಿ. ಅಲ್ಲಿವರೆಗೆ ಇದರೊಳಗೆ ಹೊಕ್ಕೊಂಡಿರು, ದೇವರು ಬಂದ್ರೂ ಗುರುತು ಸಿಗಲ್ಲ” ಎಂದು ಗೋಡೆಗೆ ನೇತುಹಾಕಿದ್ದ ವೇಷವನ್ನು ಇಳಿಸಿದಳು. ಪಂದ್ಯದ ದಿನ ಜನರನ್ನು ರಂಜಿಸಲು ಕುಣಿಯುವ ಹೇಸರಗತ್ತೆ, ತಂಡದ ಹೆಸರಿನ ‘ಮ್ಯೂಲ್’ ಎಂದರೆ ಅದೇ. ಮೊಳದುದ್ದದ ಕಿವಿ, ಬಕೆಟ್ಟಿನಷ್ಟು ದೊಡ್ಡ ಮೂತಿ, ನಾಲ್ಕು ಹಲ್ಲು ಬಿಟ್ಟ ನಗು. ಪುಸ್ತಕ ಹೊಟ್ಟೆಯ ಹತ್ತಿಯೊಳಗೆ ಸೇರಿಕೊಂಡಿತು.

ಅಲ್ಲೇ ತೆಪ್ಪಗೆ ಕೂತಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಆ ದಿನ ಅಭಿಮಾನಿಗಳನ್ನು ಮೈದಾನದೊಳಗೆ ಬಿಟ್ಟಿದ್ದರು, ಕುಣಿಯಬೇಕಾದವನು ಜ್ವರವೆಂದು ಬಂದಿರಲಿಲ್ಲ. ಪ್ರಚಾರ ವಿಭಾಗದ ಹೆಂಗಸೊಬ್ಬಳು ಒಳಗೆ ಇಣುಕಿ, “ಇಲ್ಲಿದೀಯಾ? ಅಲ್ಲಿ ಇನ್ನೂರು ಜನ ಕಾಯ್ತಿದಾರೆ ಮಹಾರಾಯ!” ಎಂದು ಕಿವಿ ಹಿಡಿದೇ ಎಳೆದುಕೊಂಡು ಹೋದಳು.

ಉರಿಬಿಸಿಲಿನಲ್ಲಿ ಆರ್ಲೋ ಮೂರು ತಾಸು ಕುಣಿದ. ಅಜ್ಜಿಯರು ಅವನ ಬಾಲ ಹಿಡಿದು ಫೋಟೋ ತೆಗೆಸಿಕೊಂಡರು. ಯಾರೋ ಮೂತಿಗೆ ಸಾಸಿವೆ ಬಳಿದ ಸಾಸೇಜು ತುರುಕಿದರು. ಜನ ಚಪ್ಪಾಳೆ ತಟ್ಟಿದರು, ಕೂಗಿದರು. ಏಳು ವರ್ಷದಲ್ಲಿ ಅವನಿಗೆ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಒಂದು ಗಳಿಗೆ ಅವನಿಗೆ ನಿಜಕ್ಕೂ ಖುಷಿಯಾಯಿತು, ಆಮೇಲೆ ಆ ಖುಷಿಗೇ ನಾಚಿಕೆಯಾಯಿತು.

ಮೂರು ಗಂಟೆಯ ಹೊತ್ತಿಗೆ ಪಿಕ್‌ಫೋರ್ಡ್ ಬೆವರೊರೆಸಿಕೊಳ್ಳುತ್ತಾ ಬಂದು ಕತ್ತೆಯ ಪಕ್ಕದಲ್ಲೇ ನಿಂತ.

“ಲೇ ಕತ್ತೆ, ಆರ್ಲೋನ ಎಲ್ಲಾದ್ರೂ ನೋಡಿದ್ಯಾ? ಬೆಳಿಗ್ಗೆಯಿಂದ ನನ್ನ ಮಂಡಿ ಸವೀತಿದೆ. ಕಾರಣ ಹೇಳೋ ಹಾಗಿಲ್ಲ, ಆದ್ರೆ ನಾಲ್ಕರೊಳಗೆ ಅವನು ಸಿಗಲೇಬೇಕು ಕಣಪ್ಪಾ.”

ಕತ್ತೆ ಇಲ್ಲವೆಂದು ಕಿವಿಯಾಡಿಸಿತು. ಸಾಲದ್ದಕ್ಕೆ, ಮುಂಗಾಲೆತ್ತಿ ದೂರದ ವಾಹನ ನಿಲ್ಲಿಸುವ ಜಾಗವನ್ನು ತೋರಿಸಿತು. ಪಾಪ, ಮುದುಕ ಕುಂಟುತ್ತಾ ಅತ್ತ ಹೋದ.

ನಾಲ್ಕಾಯಿತು. ಗೋಡೆ ಗಡಿಯಾರದ ಮುಳ್ಳು ದಾಟಿದ್ದನ್ನು ಎರಡೆರಡು ಸಲ ನೋಡಿ ಖಚಿತಮಾಡಿಕೊಂಡು, ಆರ್ಲೋ ಕತ್ತೆಯ ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಪಿಕ್‌ಫೋರ್ಡನ ಕೋಣೆಗೆ ಗೆದ್ದವನಂತೆ ನುಗ್ಗಿದ.

“ನಾಲ್ಕೂ ಐದು! ಇನ್ನು ನನ್ನನ್ನ ತೆಗೆಯೋಕೆ ಆಗಲ್ಲ!”

ಪಿಕ್‌ಫೋರ್ಡ್ ಕತ್ತೆಯ ಮೈಯನ್ನೂ ಮನುಷ್ಯನ ತಲೆಯನ್ನೂ ಬಹಳ ಹೊತ್ತು ನೋಡಿದ.

“ನಿನ್ನನ್ನ ತೆಗೀತೀವಿ ಅಂತ ಯಾರೋ ಹೇಳಿದ್ದು?”

“ಮತ್ತೆ... ಪುಸ್ತಕ ತಗೊಂಡು ಬಾ ಅಂದ್ರಂತಲ್ಲ?”

“ಬೇರೆ ತಂಡಕ್ಕೆ ಹೋಗೋನೂ ನಮ್ಮ ಪುಸ್ತಕ ಒಪ್ಪಿಸಿಯೇ ಹೋಗ್ಬೇಕಲ್ಲಪ್ಪ! ನಿನ್ನ ಹಳೇ ಕೋಚ್ ಸ್ಟಬ್ಸ್ ಈಗ ಟಕೋಮಾ ತಂಡ ನೋಡ್ಕೊಳ್ತಿದಾರೆ. ನಿನ್ನೆ ಅವರ ಮೊದಲನೆಯ ಕ್ವಾರ್ಟರ್‌ಬ್ಯಾಕನ ಭುಜ ಮುರೀತು. ಆ ಜಾಗಕ್ಕೆ ಆರ್ಲೋನೇ ಬೇಕು, ಅವನಿಗೆ ಅನ್ಯಾಯ ಮಾಡಿದೀನಿ ಅಂತ ಹಟ ಹಿಡಿದ್ರು. ಮೂರನೆಯವನಲ್ಲ ಕಣೋ, ಮೊದಲನೆಯವನು! ಒಂದೇ ಷರತ್ತು. ನಾಲ್ಕರೊಳಗೆ ನೀನೇ ಫೋನಲ್ಲಿ ಹೂಂ ಅನ್ಬೇಕು. ಹತ್ತಕ್ಕೆ ಮಾಡಿದ್ರು, ಹನ್ನೆರಡಕ್ಕೆ ಮಾಡಿದ್ರು, ಎರಡಕ್ಕೆ ಮಾಡಿದ್ರು.”

ಆರ್ಲೋ ಕುರ್ಚಿ ಎಳೆದುಕೊಂಡು ಕೂತ. ವೇಷದ ಹೊಟ್ಟೆಯೊಳಗಿನ ಪುಸ್ತಕ ಪಕ್ಕೆಗೆ ಚುಚ್ಚಿತು.

“ಮೂರೂವರೆಗೆ ಆ ಹೊಸ ಹುಡುಗ ಕೋಲ್ಬಿ, ನಿನ್ನ ಜಾಗಕ್ಕೆ ಪೈಪೋಟಿ ಮಾಡ್ತಿದ್ನಲ್ಲ, ತಾನಾಗೇ ಪುಸ್ತಕ ಹಿಡ್ಕೊಂಡು ಬಂದ. ‘ಹೇಗಿದ್ರೂ ನನ್ನನ್ನ ತೆಗೀತೀರಿ, ನಿಮ್ಮನ್ನ ಯಾಕೆ ಅಲೆಸ್ಲಿ ಸರ್’ ಅಂದ. ಸ್ಟಬ್ಸ್ ಲೈನಲ್ಲೇ ಇದ್ರು. ಹುಡುಕಿದರೆ ಸಿಗೋನಾದ್ರೆ ಸಾಕು, ಕಳ್ಸಿ ಅಂದ್ರು. ವಿಮಾನ ಹತ್ತೋಕೆ ಹೊರಟೇಹೋದ.” ಪಿಕ್‌ಫೋರ್ಡ್ ಮಂಡಿ ನೀವಿಕೊಂಡ. “ನೀನು ಇಲ್ಲೇ ಇರ್ತೀಯ ಆರ್ಲೋ. ಮೂರನೆಯವನು. ಅದೃಷ್ಟವಂತ.”

ಒಗೆದ ಬಟ್ಟೆ ಇನ್ನೂ ಒಣಗಿರಲಿಲ್ಲ. ಆರ್ಲೋ ಕತ್ತೆಯ ವೇಷದಲ್ಲೇ ಕಾರು ಹತ್ತಿದ. ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೋಗಲಿ, ಕೆಲಸ ಉಳಿಯಿತು. ಪರದೆ ಉಳಿಯಿತು. ನಡೀನ್ ಉಳಿದಳು. ಅಷ್ಟಾದರೂ ಆಯಿತಲ್ಲ.

ಮನೆಯ ತಿರುವಿಗೆ ಬಂದಾಗ ಕಿಟಕಿಗಳು ಬೋಳಾಗಿದ್ದದ್ದು ಕಾಣಿಸಿತು.

ಬಾಗಿಲು ತೆಗೆದರೆ ಒಳಗೆಲ್ಲ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳು. ನಡೀನ್ ಓಡಿಬಂದು ಕತ್ತೆಯನ್ನು ಕತ್ತೆಯೆಂದೂ ನೋಡದೆ ತಬ್ಬಿಕೊಂಡಳು.

“ಮೊದಲನೆಯವನು! ನನ್ನ ಆರ್ಲೋ ಮೊದಲನೆಯವನು! ಮಧ್ಯಾಹ್ನ ಸ್ಟಬ್ಸ್ ಇಲ್ಲಿಗೂ ಫೋನ್ ಮಾಡಿದ್ರು. ಅವನು ಅಲ್ಲೇ ಎಲ್ಲೋ ಇರ್ತಾನೆ, ಖಂಡಿತ ಹೂಂ ಅಂತಾನೆ ಅಂತ ನಾನೇ ಹೇಳಿದೆ. ಅಮ್ಮನಿಗೂ ಹೇಳಿದೆ, ಬೀದಿಗೆಲ್ಲ ಹೇಳಿದೆ!”

“ನಡೀನ್, ಆ ಪರದೆ...”

“ಆ ಚಿಂದಿನ ಇನ್ನೂ ಯಾಕೆ ಹೊರ್ಬೇಕು? ಪಕ್ಕದ ಮನೆಯೋಳು ಬಹಳ ದಿನದಿಂದ ಕಣ್ಣು ಹಾಕಿದ್ಲು, ಕೊಟ್ಟುಬಿಟ್ಟೆ. ಟಕೋಮಾದಲ್ಲಿ ಹೊಸ ಬಟ್ಟೆ ತಗೊಳ್ಳೋಣ.” ಆಗ ಅವಳು ಎರಡು ಹೆಜ್ಜೆ ಹಿಂದೆ ಸರಿದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅದ್ಸರಿ, ಇದೇನು ವೇಷ? ಬೀಳ್ಕೊಡುಗೆ ತಮಾಷೆನಾ?”

ಬೋಳು ಕಿಟಕಿಯಾಚೆ, ಪಕ್ಕದ ಮನೆಯಲ್ಲಿ ಹಳದಿ ಪರದೆ ಚೆನ್ನಾಗಿಯೇ ಹೊಂದಿಕೊಂಡು ಗಾಳಿಗೆ ಆಡುತ್ತಿತ್ತು.

ಆರ್ಲೋ ಕಂಕುಳಲ್ಲಿದ್ದ ಕತ್ತೆಯ ತಲೆಯನ್ನು ಎತ್ತಿ ಮತ್ತೆ ಹಾಕಿಕೊಂಡ. ಆಮೇಲೆ, ನಾಲ್ಕು ಹಲ್ಲು ಬಿಟ್ಟ ಆ ನಗುವಿನ ಒಳಗಿನಿಂದ, ಮೊದಲಿನಿಂದ ಹೇಳತೊಡಗಿದ.